ಕಂಪ್ಯೂಟರಿಗೆ ಕಾಯಿ ಒಡೆಸಿದ ಟೀಚರು

ಸರ್ವರಬೇಗಂ ಟೀಚರ ಅಜ್ಜ ಮಳಖೇಡದ ಮೌಲಾಸಾಬ. ಪಾತ್ರೆಗಳಿಗೆ ಕಲಾಯಿ ಹಚ್ಚುವವನು. ಹೆಗಲ ಮೇಲೆ ತಿದಿ, ಜೋಳಿಗೆಯಲ್ಲಿ ತವರ, ನವಸಾಗರ ಹೊತ್ತು ಕಾಗಿಣಾ ಹೊಳೆಯ ದಂಡೆಯಿಂದ ಹೊರಟರೆ ಸೇಡಂ ದಾಟಿ, ಚಿಂಚೋಳಿಯ ಆಚೆ ತೆಲುಗು ಮಾತು ಕಿವಿಗೆ ಬೀಳುವವರೆಗೆ ನಡೆಯುತ್ತಿದ್ದ. ಊರ ಅಗಸಿ ಬಾಗಿಲ ಹತ್ತಿರ ಕುಣಿ ತೋಡಿ ಇದ್ದಿಲು ಹಾಕಿ ಬೆಂಕಿ ಮಾಡಿದನೆಂದರೆ ಇಡೀ ಊರಿನ ತಾಮ್ರ, ಹಿತ್ತಾಳೆ ಅವನ ಮುಂದೆ ಬಂದು ಕೂಡುತ್ತಿತ್ತು. ಕಪ್ಪಾದ ಹಂಡೆಯೊಳಗೆ ಬೆಳ್ಳಿಯ ಬಣ್ಣ ಹರಡುವುದನ್ನು ನೋಡಲು ನಾವು ಹುಡುಗರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ಒಂದು ವರ್ಷ ಒಂದೂರಲ್ಲಿ ಕಿಲುಬು ಹಿಡಿದ ಹಂಡೆಯಲ್ಲಿ ಅಡುಗೆ ಮಾಡಿ ಮದುವೆ ಮಂದಿಯೆಲ್ಲ ವಾಂತಿ ಮಾಡಿಕೊಂಡು ಮಲಗಿದರು. ಸುದ್ದಿ ಕೇಳಿದ ಮೌಲಾಸಾಬ ಕರೆಯದೆಯೇ ಹೋಗಿ ಆ ಊರಿನ ಪಾತ್ರೆಗಳಿಗೆಲ್ಲ ಕಲಾಯಿ ಹಚ್ಚಿ, ಕೂಲಿ ಎಂದು ಒಂದು ಕಾಳು ಜೋಳವನ್ನೂ ಮುಟ್ಟದೆ ಬಂದ.

ಅವನ ಮಗ ಅಬ್ದುಲ್ ಕರೀಮ್ ತಿದಿ ಬಿಟ್ಟು ವಾಡಿಯ ರೈಲು ಶೆಡ್ಡು ಸೇರಿದ. ಉಗಿಬಂಡಿಯ ಕಾಲ. ಅಬ್ದುಲ್ ಕರೀಮ್ ಎಂಜಿನ್ನಿಗೆ ಕಲ್ಲಿದ್ದಲು ಎತ್ತಿ ಹಾಕುವ ಫೈರ್‌ಮನ್. ಒಂದು ಮಳೆಗಾಲ ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ ಅವನ ಗಾಡಿ ನಾಲವಾರದ ಹತ್ತಿರ ಬಟ್ಟಬಯಲಲ್ಲಿ ನಿಂತುಬಿಟ್ಟಿತು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ. ಸುರಿಯುವ ಮಳೆಯಲ್ಲಿ ಎಂಜಿನ್ನಿನ ಬೆಂಕಿ ಆರಗೊಡದೆ, ಕಲ್ಲಿದ್ದಲಿನ ಸಲಿಕೆಯ ಮೇಲೆ ಕೆಟಲಿಯಿಟ್ಟು, ಗಾಡಿಯಲ್ಲಿದ್ದ ಮುದುಕರು, ಬಾಣಂತಿಯರು, ಕೂಸುಗಳಿಗೆಲ್ಲ ಅವನು ಚಹಾ ಕಾಯಿಸಿ ಕೊಟ್ಟ. ಆ ಚಹಾ ಕುಡಿದವರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಬದುಕಿದ್ದಾರೆ. ಅದರ ಮಾತು ಬಂದರೆ ಇವತ್ತಿಗೂ ಬಾಯಿ ಚಪ್ಪರಿಸುತ್ತಾರೆ.

ಇಂಥವರ ಮಗಳು ಸರ್ವರಬೇಗಂ. ಅವರ ವಿಷಯ ಬರೆಯಲು ನನಗೇನು ಯೋಗ್ಯತೆ ಎಂದು ಯಾರಾದರೂ ಕೇಳಿಯಾರು. ನಾನು ಶಹಾಬಾದಿನ ಫರಸಿ ಖಣಿಯಲ್ಲಿ ಕಲ್ಲು ಎಬ್ಬಿಸಿದವನು. ಸಿಮೆಂಟ್ ಚೀಲದ ಮೇಲಿನ ಅಕ್ಷರ, ಬಸ್ಸಿನ ಹಣೆಯ ಮೇಲಿನ ಬೋರ್ಡು, ಇವೇ ನನ್ನ ಪಾಟಿ, ಪುಸ್ತಕ. ಯಾವ ಮಾಸ್ತರನ ಛಡಿ ಏಟೂ ತಿನ್ನದೆ ಓದು ಬರಹ ಕೂಡಿಸಿಕೊಂಡೆ, ಹರಿದ ಪುಸ್ತಕ ಹೊಲಿದು ರಟ್ಟು ಹಾಕುವುದನ್ನೂ ಕಲಿತೆ. ಆ ರಟ್ಟಿನ ಕೆಲಸದಿಂದಲೇ ಟೀಚರ ಲೈಬ್ರರಿಗೆ ಹೋಗಿ ಬರುವ ರೂಢಿಯಾಯಿತು. ನಾನು ಬರೆಯುತ್ತಿರುವುದು ಅಲ್ಲಿ ನನ್ನ ಕಣ್ಣ ಮುಂದೆ ನಡೆದದ್ದು.

ವಾಡಿಗೂ ನಾಲವಾರಕ್ಕೂ ನಡುವೆ ಒಂದು ಪ್ರೌಢಶಾಲೆ. ಹೆಸರು ಹೇಳುವುದಿಲ್ಲ, ಹೇಳಿದರೆ ಹೆಡ್ ಮಾಸ್ತರು ಗುರುಲಿಂಗಪ್ಪನವರು ನನ್ನೊಡನೆ ಮಾತು ಬಿಟ್ಟಾರು. ಬೇಗಂ ಟೀಚರು ಅಲ್ಲಿ ಹೊಲಿಗೆ ಕಲಿಸಲು ಬಂದವರು. ಹೊಲಿಗೆ ಟೀಚರಿಗೆ ಕೆಲಸ ಕಡಿಮೆ ಎಂದು ಲೈಬ್ರರಿಯನ್ನೂ ಅವರ ಕೊರಳಿಗೆ ಕಟ್ಟಿದರು. ಲೈಬ್ರರಿ ಎಂದರೆ ಒಂದು ಉದ್ದನೆಯ ಕೋಣೆ, ಗೋಡೆಗುಂಟ ಕಬ್ಬಿಣದ ಅಲಮಾರಿಗಳು, ನೆಲಕ್ಕೆ ನಮ್ಮದೇ ಶಹಾಬಾದಿನ ಫರಸಿ. ಆ ಕೋಣೆಯ ವಾಸನೆ ನೆನೆದರೆ ಈಗಲೂ ನನ್ನ ಜೀವ ತಂಪಾಗುತ್ತದೆ. ಹಳೆಯ ಕಾಗದ, ನಾನು ಕಾಸಿದ ಮೈದಾ ಅಂಟು, ಕಿಟಕಿಯಾಚೆಯ ಬೇವಿನ ಹೂವು. ಮಧ್ಯಾಹ್ನ ಮದ್ರಾಸಿನ ಕಡೆಯ ಗಾಡಿ ಹೋದರೆ ಅಲಮಾರಿಯ ಬಾಗಿಲುಗಳು ಸಣ್ಣಗೆ ನಡುಗುತ್ತಿದ್ದವು. ಟೀಚರು ಒಂದು ಗಳಿಗೆ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದರು. ಉಗಿಬಂಡಿಯ ಕೂಗು ಕೇಳಿ ಬೆಳೆದವರಿಗೆ ಈಗಿನ ಕರೆಂಟಿನ ಗಾಡಿ ಸಪ್ಪೆ ಎನ್ನುತ್ತಿದ್ದರು.

ಆ ಕೋಣೆಯ ಮೂಲೆಯಲ್ಲಿ ನಾಲ್ಕು ಕಂಪ್ಯೂಟರ್ ಇದ್ದವು. ಸರಕಾರ ಕೊಟ್ಟು ಎಷ್ಟೋ ಕಾಲವಾಗಿತ್ತು. ಕೊಟ್ಟ ದಿನ ಪೇಢೆ ಹಂಚಿ, ಮೇಲೆ ಹಸಿರು ಬಟ್ಟೆ ಹೊದಿಸಿದವರು ಮತ್ತೆ ಅದನ್ನು ಸರಿಸಿರಲಿಲ್ಲ. ಸರಕಾರಿ ಸಾಮಾನು ಕೆಟ್ಟರೆ ಜವಾಬು ಕೊಡಬೇಕು, ಮುಟ್ಟದಿದ್ದರೆ ಕೆಡುವುದಿಲ್ಲ, ಇದು ಗುರುಲಿಂಗಪ್ಪನವರ ಲೆಕ್ಕ. ಒಳ್ಳೆಯ ಮನುಷ್ಯರು, ಆದರೆ ಅಂಜುಬುರುಕರು. ಪೆನ್ ಡ್ರೈವಿನಿಂದ ವೈರಸ್ ಬರುತ್ತದೆ ಎಂದು ಯಾರೋ ಹೇಳಿದ್ದಕ್ಕೆ, ಅದನ್ನು ಚುಚ್ಚುವ ತೂತುಗಳಿಗೆಲ್ಲ ಟೇಪ್ ಅಂಟಿಸಿಬಿಟ್ಟಿದ್ದರು.

ಬೇಗಂ ಟೀಚರು ಆ ಬಟ್ಟೆ ಸರಿಸಿದ್ದು ಕೊರೊನಾ ಮುಗಿದ ಮೇಲೆ. ಶಾಲೆ ಮುಚ್ಚಿದ್ದಾಗ ಫೋನಿನಲ್ಲಿ ಪಾಠ ಎಂದರು. ಖಣಿಯ ಕೂಲಿಯವರ ಮಕ್ಕಳ ಕೈಯಲ್ಲಿ ಫೋನೆಲ್ಲಿತ್ತು? ಶಾಲೆ ತೆರೆದಾಗ ಎಷ್ಟೋ ಮಕ್ಕಳು ನಡುವೆಯೇ ಬಿಟ್ಟುಹೋಗಿದ್ದರು, ಉಳಿದವರಿಗೆ ಆ ಯಂತ್ರಗಳೆಂದರೆ ಮುಟ್ಟಬಾರದ ದೇವರ ಜಗಲಿಯಷ್ಟು ದೂರ. ಇದು ಟೀಚರ ಮನಸ್ಸಿಗೆ ಮುಳ್ಳಿನಂತೆ ನಟ್ಟಿತು. ಅವರಿಗೂ ಕಂಪ್ಯೂಟರ್ ಬರುತ್ತಿರಲಿಲ್ಲ. ಬೇಸಿಗೆಯ ರಜೆಯಲ್ಲಿ ಶಹಾಬಾದಿನ ಕಲೀಮನ ಅಂಗಡಿಗೆ ಹೋಗಿ, ಜೆರಾಕ್ಸ್ ಮಾಡಿಸುವವರ ನಡುವೆ ಸ್ಟೂಲು ಹಾಕಿಕೊಂಡು ಕೂತು ಕಲಿತರು. ಕಲೀಮ ಅವರ ದೂರದ ನೆಂಟ, ಕಂಪ್ಯೂಟರ್ ರಿಪೇರಿ ಮಾಡುವವನು. ಖಾಲಾ, ನಿಮ್ಮ ವಯಸ್ಸಿನವರು ಹಜ್‌ಗೆ ಹೋಗುತ್ತಾರೆ, ನೀವು ಕೀಬೋರ್ಡಿಗೆ ಬಂದಿರಿ ಎಂದು ಅವನು ಚುಡಾಯಿಸುತ್ತಿದ್ದನಂತೆ.

ಮಕ್ಕಳಿಗೆ ಅವರು ಕಂಪ್ಯೂಟರ್ ಪಾಠ ಎಂದು ಯಾವತ್ತೂ ಹೇಳಲಿಲ್ಲ. ಲೈಬ್ರರಿಯ ಕೆಲಸಕ್ಕೆ ಬನ್ನಿ ಎಂದರು. ಪುಸ್ತಕಗಳ ಹಳೆಯ ದಾಖಲೆಯನ್ನು ಗೆದ್ದಲು ತಿಂದಿತ್ತು, ಯಾವ ಪುಸ್ತಕ ಎಲ್ಲಿದೆ ಎಂದು ದೇವರಿಗೇ ಗೊತ್ತು. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸೋಣ ಎಂದರು. ಒಬ್ಬಳು ಅಲಮಾರಿಯಿಂದ ಪುಸ್ತಕ ತೆಗೆದು ಧೂಳು ಒರೆಸಿ ಹೆಸರು ಓದುವುದು, ಒಬ್ಬ ಟೈಪ್ ಮಾಡುವುದು, ಇನ್ನೊಬ್ಬಳು ಬೆನ್ನಿಗೆ ನಂಬರಿನ ಚೀಟಿ ಅಂಟಿಸಿ ಜಾಗದಲ್ಲಿಡುವುದು. ವಾರಕ್ಕೊಮ್ಮೆ ಕೆಲಸ ಅದಲು ಬದಲು. ಹರಿದದ್ದು ನನ್ನ ಕಡೆ ಬರುತ್ತಿತ್ತು. ಹೀಗೆ ಮೊದಲ ದಿನ ಮೌಸ್ ಎಂಬ ಇಲಿಯನ್ನು ಹಿಡಿಯಲು ಬೆವತ ಮಕ್ಕಳು ಬರುಬರುತ್ತ ಕನ್ನಡ ಅಕ್ಷರ ಸರಸರ ಒತ್ತಿದರು, ಸಾಲು ಕಲಿತರು, ಕಾಲಮ್ಮು ಕಲಿತರು, ಹುಡುಕುವುದನ್ನು ಕಲಿತರು. ರಾಧಿಕಾ ಎಂಬ ಹುಡುಗಿಯಂತೂ ನೋಡದೆಯೇ ಒತ್ತುತ್ತಿದ್ದಳು. ಅವಳ ತಾಯಿ ಖಣಿಯಲ್ಲಿ ಫರಸಿ ಹೊರುವವಳು. ಒಂದು ದಿನ ಬಾಗಿಲಲ್ಲಿ ನಿಂತು ಮಗಳ ಬೆರಳು ಓಡುವುದನ್ನು ನೋಡಿ, ಒಳಗೆ ಬಾ ಎಂದರೂ ಬಾರದೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಾಗೆಯೇ ಹೋದಳು.

ಆಗ ಟೀಚರಿಗೆ ರಿಟೈರ್ ಆಗಲು ಒಂದು ವರ್ಷವೂ ಇರಲಿಲ್ಲ. ಅವರಿಗಿದ್ದದ್ದು ಒಂದೇ ಆಸೆ. ತಾವು ಹೋದ ಮರುದಿನ ಆ ಕೋಣೆಗೆ ಕೀಲಿ ಬೀಳಬಾರದು, ಲೈಬ್ರರಿಯನ್ನು ಮಕ್ಕಳೇ ನಡೆಸಬೇಕು. ಇದನ್ನು ಹೆಡ್ ಮಾಸ್ತರಿಗೂ ಹೇಳಿದ್ದರು. ಅವರು ಗಡ್ಡ ಕೆರೆದುಕೊಂಡು, ಮಕ್ಕಳ ದಿನದಂದು ನಾನು ಬಂದು ನೋಡುತ್ತೇನೆ, ಸರಿ ಕಂಡರೆ ಕೀಲಿಕೈ ಮಕ್ಕಳಿಗೆ, ಇಲ್ಲವಾದರೆ ಹಸಿರು ಬಟ್ಟೆ ಎಂದಿದ್ದರು.

ಇಷ್ಟರಲ್ಲಿ ದಸರೆ ಬಂತು. ರಜೆಗೆ ಮುಂಚಿನ ದಿನ ಮಕ್ಕಳು ಕಂಪ್ಯೂಟರಿಗೆ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಮಾಡೋಣ ಎಂದು ಗಂಟುಬಿದ್ದರು. ಟೀಚರ ಮುಖ ಅರಳಿತು. ವಾಡಿಯ ಶೆಡ್ಡಿನಲ್ಲಿ ಪ್ರತಿ ದಸರೆಗೆ ಎಂಜಿನ್ನುಗಳ ಪೂಜೆ. ಅಬ್ದುಲ್ ಕರೀಮ್ ತಾನೇ ಎಂಜಿನ್ನಿಗೆ ಬಾಳೆಕಂಬ ಕಟ್ಟಿ, ಅದರ ನೆತ್ತಿಗೇ ಕಾಯಿ ಒಡೆಯುತ್ತಿದ್ದ. ಹಿಂದೂ ಮುಸಲ್ಮಾನ ಎಂದು ಶೆಡ್ಡಿನಲ್ಲಿ ಯಾರೂ ಎಣಿಸುತ್ತಿರಲಿಲ್ಲ, ಅನ್ನ ಕೊಡುವ ಕಬ್ಬಿಣ ಎಲ್ಲರಿಗೂ ಒಂದೇ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದನಂತೆ. ಮತ್ತೆ ಅಲ್ಲೊಂದು ಪದ್ಧತಿ ಇತ್ತು. ತಣ್ಣಗಿರುವ ಎಂಜಿನ್ನಿಗೆ ಪೂಜೆ ಇಲ್ಲ. ಒಳಗೆ ಬೆಂಕಿ ಹಾಕಿ, ಉಗಿ ಏರಿಸಿ, ಅದು ಉಸಿರಾಡುವಾಗಲೇ ಕಾಯಿ ಒಡೆಯಬೇಕು.

ಅದೇ ನೆನಪಿನಲ್ಲಿ ಟೀಚರು ಕಂಪ್ಯೂಟರ್ ಚಾಲೂ ಇಡಿ ಎಂದರು. ನಾಲ್ಕರಲ್ಲಿ ದೊಡ್ಡದು, ಪುಸ್ತಕದ ಪಟ್ಟಿಯೆಲ್ಲ ಇದ್ದದ್ದು, ಅದನ್ನೇ ನಡುವೆ ಇಟ್ಟು ಚೆಂಡುಹೂವಿನ ಮಾಲೆ ಹಾಕಿದರು. ಅರಿಷಿಣ ಕುಂಕುಮ ಏರಿಸಿದರು. ಕಾಯಿ ಒಡೆಯಲು ಮಕ್ಕಳಲ್ಲಿ ಜಗಳ ಬಿತ್ತು, ಕೊನೆಗೆ ಭಗವಂತ ಎಂಬ ಹುಡುಗನ ಪಾಳಿ ಬಂತು. ಗಟ್ಟಿಮುಟ್ಟಾದ ಹುಡುಗ, ರಜೆಯಲ್ಲಿ ಅಪ್ಪನ ಜೊತೆ ಸುತ್ತಿಗೆ ಹಿಡಿಯುವವನು. ಎಲ್ಲಿ ಒಡೆಯಲಿ ಎಂದು ಕೇಳಿದ. "ಅದರ ನೆತ್ತಿ ಮ್ಯಾಲೇ ಒಡಿ ಮಗಾ, ನಮ್ಮಪ್ಪನೂ ಹಂಗೇ ಒಡೀತಿದ್ದ" ಎಂದರು ಟೀಚರು.

ಎಂಜಿನ್ನು ಮಳೆಯಲ್ಲೇ ನಿಲ್ಲುವ ಜಾತಿ. ಒಂದು ಕಾಯಿಯ ನೀರು ಅದಕ್ಕೆ ಯಾವ ಲೆಕ್ಕ? ಕಂಪ್ಯೂಟರಿನ ಡಬ್ಬಿಗೆ ಮಾತ್ರ ನೆತ್ತಿಯ ಮೇಲೆ ಜರಡಿಯಂತೆ ತೂತುಗಳಿದ್ದವು. ಭಗವಂತ ಒಂದೇ ಏಟಿಗೆ ಹೋಳು ಮಾಡಿದ, ಕಾಯಿಯ ನೀರು ಗಟಗಟ ಒಳಗಿಳಿಯಿತು. ಚಟ್ ಎಂದು ಸದ್ದು, ಸುಟ್ಟ ವಾಸನೆ, ಪರದೆ ಕಪ್ಪಾಯಿತು. ಮಕ್ಕಳು ಪೂಜೆ ಫಲಿಸಿತೆಂದು ಚಪ್ಪಾಳೆ ತಟ್ಟಲು ಎತ್ತಿದ ಕೈ ಹಾಗೆಯೇ ನಿಂತವು.

ಮರುದಿನವೇ ಟೀಚರೂ ನಾನೂ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಶಹಾಬಾದಿಗೆ ಹೋದೆವು. ಕಲೀಮ ಡಬ್ಬಿ ಬಿಚ್ಚಿ ನೋಡಿ, ಒಳಗಿಂದ ಒಂದು ಚೂರು ಕೊಬ್ಬರಿ ತೆಗೆದು ಮೇಜಿನ ಮೇಲಿಟ್ಟ. ನಗು ತಡೆಯಲು ಅವನು ಪಟ್ಟ ಪಾಡು ನನಗೆ ಕಾಣುತ್ತಿತ್ತು. ಆಮೇಲೆ ಟೀಚರ ಮುಖ ನೋಡಿ ಅವನೂ ಸಪ್ಪಗಾದ. ಪಟ್ಟಿ ಕೂಡಿಟ್ಟಿದ್ದ ಭಾಗವೇ ಸುಟ್ಟಿದೆ, ಬೇರೆಡೆ ನಕಲು ಇದ್ದರೆ ಕೊಡಿ ಎಂದ. ನಕಲು ಎಲ್ಲಿಂದ ಬರಬೇಕು, ತೂತಿಗೆಲ್ಲ ಟೇಪು. ಅಷ್ಟು ದಿನದ ಮಕ್ಕಳ ದುಡಿತ ಒಂದು ಕಾಯಿಯ ನೀರಿನಲ್ಲಿ ಹೋಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಟೀಚರು ನನ್ನ ಕಡೆ ತಿರುಗಿದರು. "ಸಾಯಬಣ್ಣ ಕಾಕಾ, ಪಟ್ಟಿ ಹೋದ್ರ ಹೋಗ್ಲಿ. ಸಾಲಿ ಪಾರ್ಗೋಳು ಅಂಜಿ ಇನ್ನ ಮುಟ್ಟಲಾರದಂಗ ಆದ್ರ ಏನ್ ಮಾಡ್ಲಿ?"

ಹೆಡ್ ಮಾಸ್ತರಿಗೆ ಅವರು ಮುಚ್ಚಿಡಲಿಲ್ಲ. ಕಾಯಿ ಒಡೆಸಿದವಳು ನಾನು, ಚಾಲೂ ಇಡಿಸಿದವಳೂ ನಾನು ಎಂದು ನೆಟ್ಟಗೆ ಹೇಳಿದರು. ಗುರುಲಿಂಗಪ್ಪನವರು ಹಣೆ ಹಿಡಿದುಕೊಂಡು ಕೂತರು. ಹಸಿರು ಬಟ್ಟೆ ಎಲ್ಲಿದೆ ಎಂದು ಜವಾನನನ್ನು ಕೇಳಿಯೂ ಬಿಟ್ಟರು. ಟೀಚರು ಎದ್ದು ಹೋಗಲಿಲ್ಲ. ಮಕ್ಕಳ ದಿನದ ಮಾತು ನಿಮ್ಮದೇ, ಆ ದಿನದವರೆಗೆ ಬಟ್ಟೆ ಬೇಡ ಎಂದರು. ಇನ್ನೊಂದನ್ನೂ ಕೇಳಿದರು. ಆ ಟೇಪು ಕಿತ್ತುಹಾಕಲು ಅಪ್ಪಣೆ ಕೊಡಿ. ಮಾಸ್ತರು ಎರಡಕ್ಕೂ ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ನಮ್ಮ ಕಡೆ ಅದನ್ನೇ ಅಪ್ಪಣೆ ಎಂದು ತಿಳಿಯುತ್ತಾರೆ.

ರಜೆ ಮುಗಿದು ಶಾಲೆ ತೆರೆದಾಗ ಮಕ್ಕಳು ಲೈಬ್ರರಿಯ ಬಾಗಿಲವರೆಗೆ ಬಂದು ಹಿಂದೆ ಸರಿದರು. ಟೀಚರು ಅಂಜಿದ್ದೇ ಆಗಿತ್ತು. ಭಗವಂತನಂತೂ ಶಾಲೆಗೇ ಬರಲಿಲ್ಲ. ಅವನ ಅಪ್ಪ, ಕಂಪ್ಯೂಟರಿನ ದುಡ್ಡು ಭರ್ತಿ ಮಾಡಿಕೊಡು ಎನ್ನುತ್ತಾರೆಂದು ಹೆದರಿ ಮಗನನ್ನು ಖಣಿಯ ಕೆಲಸಕ್ಕೆ ಹಚ್ಚಿದ್ದ. ಟೀಚರು ಬಿಸಿಲಲ್ಲಿ ಖಣಿಗೆ ನಡೆದರು, ಜೊತೆಗೆ ನಾನು. ಆ ಖಣಿಯ ಅಂಚಿನಲ್ಲಿ ನಿಂತಾಗ ನನ್ನ ಹರೆಯವೆಲ್ಲ ಕಣ್ಣೆದುರು ಬಂತು. ಪದರು ಪದರಾಗಿ ಕೆಳಗಿಳಿದ ನೀಲಿ ಕಲ್ಲು, ಸುತ್ತಿಗೆಯ ಸದ್ದು, ನಾವು ಹಾಡು ಹೇಳುತ್ತ ಫರಸಿ ಎಬ್ಬಿಸುತ್ತಿದ್ದ ಆ ಮುಂಜಾವುಗಳು. ಹಾಡುವವರು ಈಗ ಯಾರೂ ಇಲ್ಲ, ಯಂತ್ರ ಕಿರುಚುತ್ತದೆ. ಭಗವಂತ ನಮ್ಮನ್ನು ಕಂಡು ಕಲ್ಲಿನ ರಾಶಿಯ ಹಿಂದೆ ಅಡಗಿದ.

"ಹೊರಗ ಬಾ" ಎಂದರು ಟೀಚರು. "ಕಾಯಿ ಒಡದಾಂವ ನೀನು, ಒಡಿ ಅಂದಾಕಿ ನಾನು. ನಾ ದಿನಾ ಸಾಲಿಗಿ ಹೋಗ್ಲಿಕತ್ತೀನಿ. ನಿನಗೇನಾಗ್ಯಾದ?"

ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದ. ಭರ್ತಿಯ ಮಾತು ಯಾರೂ ಎತ್ತುವುದಿಲ್ಲ ಎಂದು ಟೀಚರು ಅವನಿಗೆ ತಿಳಿಸಿ ಹೇಳಿದರು. ಮರುದಿನ ಭಗವಂತ ಬಂದ. ಅವನಿಗೆ ಟೀಚರು ಒಂದು ಹೊಸ ಕೆಲಸ ಕೊಟ್ಟರು. ತಾವೇ ತಂದ ಪೆನ್ ಡ್ರೈವನ್ನು ದಾರ ಪೋಣಿಸಿ ಅವನ ಕೊರಳಿಗೆ ಹಾಕಿ, ಸಂಜೆ ಗಂಟೆ ಹೊಡೆಯುವ ಮೊದಲು ಆ ದಿನದ ಕೆಲಸವನ್ನೆಲ್ಲ ಇದರೊಳಗೂ ಉಳಿದ ಕಂಪ್ಯೂಟರಿನೊಳಗೂ ನಕಲು ಮಾಡುವುದು ನಿನ್ನದು ಎಂದರು. ತಾಯತ ಕಟ್ಟಿಕೊಂಡವನೆಂದು ರಾಧಿಕಾ ಅವನನ್ನು ಹಂಗಿಸಿದಳು. ಅವನು ಸಿಟ್ಟಾಗಲಿಲ್ಲ, ಅದನ್ನು ಅಂಗಿಯೊಳಗೆ ಜೋಪಾನವಾಗಿ ಇಳಿಬಿಟ್ಟುಕೊಂಡ. ಅವನು ಕೂತದ್ದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬಂದು ಕೂತರು.

ಮತ್ತೆ ಮೊದಲಿನಿಂದ ಶುರು. ಈ ಸಲ ಅಲಮಾರಿಯ ಮೂಲೆಯಿಂದ ಹಿಡಿಯಲಿಲ್ಲ. ಮಂದಿ ಯಾವುದನ್ನು ಹೆಚ್ಚು ಕೇಳುತ್ತಾರೋ ಆ ಪುಸ್ತಕ ಮೊದಲು ಏರಲಿ ಎಂದು ರಾಧಿಕಾ ಹೇಳಿದಳು, ಟೀಚರು ಒಪ್ಪಿದರು. ಮೊದಲಿಗಿಂತ ಬೇಗ ಸಾಗಿತು, ಬೆರಳಿಗೆ ದಾರಿ ಗೊತ್ತಿತ್ತಲ್ಲ. ಆದರೂ ಮಕ್ಕಳ ದಿನ ಬರುವ ಹೊತ್ತಿಗೆ ಅರ್ಧದಷ್ಟು ಅಲಮಾರಿಗಳು ಹಾಗೆಯೇ ಉಳಿದಿದ್ದವು.

ಆ ದಿನ ಗುರುಲಿಂಗಪ್ಪನವರು ಒಬ್ಬರೇ ಬರಲಿಲ್ಲ. ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಆಫೀಸರು ಅಜಯಕುಮಾರ ಸಾಹೇಬರನ್ನು ಕರೆದುಕೊಂಡು ಬಂದರು. ಸಾಹೇಬ ಎಂದರೇನು, ಇದೇ ಶಾಲೆಯಲ್ಲಿ ಕಲಿತು ಹೋದ ಹುಡುಗ, ಬೇಗಂ ಟೀಚರ ಕೈಯಲ್ಲಿ ಅಂಗಿಗೆ ಗುಂಡಿ ಹಚ್ಚಲು ಕಲಿತವನು. ಟೀಚರನ್ನು ಕಂಡ ಕೂಡಲೇ ಬಗ್ಗಿ ಕಾಲು ಮುಟ್ಟಿದ.

ಹೆಡ್ ಮಾಸ್ತರು ಕೈ ಹಿಂದೆ ಕಟ್ಟಿಕೊಂಡು ನಿಂತು, ಜೋಳಕ್ಕೆ ಬರುವ ರೋಗದ ಬಗ್ಗೆ ಒಂದು ಪುಸ್ತಕ ಬೇಕು ಎಂದರು. ರಾಧಿಕಾ ಹುಡುಕಿದಳು. ಏನೂ ಬರಲಿಲ್ಲ. ಹೋಯಿತು ಕೀಲಿಕೈ ಎಂದುಕೊಂಡೆ ನಾನು. ರಾಧಿಕಾ ಮಾತ್ರ ಗಾಬರಿಯಾಗದೆ ಎದ್ದು, ಒಕ್ಕಲುತನದ ಅಲಮಾರಿಯ ಪಾಳಿ ಇನ್ನೂ ಬಂದಿಲ್ಲ, ಪುಸ್ತಕ ಮಾತ್ರ ಅದರಲ್ಲೇ ಇರಬೇಕು ಎಂದಳು. ಹೋಗಿ ಕೆಳಗಿನ ಅರೆಯಿಂದ ಅದನ್ನು ಎಳೆದು ತಂದು ಧೂಳು ಒರೆಸಿದಳು. ತಂದವಳು ಮಾಸ್ತರ ಕೈಗೆ ಕೊಡದೆ ಕಂಪ್ಯೂಟರಿನ ಮುಂದಿಟ್ಟು, ತಾನು ಕೂತಿದ್ದ ಕುರ್ಚಿಯನ್ನು ಅವರ ಕಡೆ ಸರಿಸಿದಳು.

"ಕುಂದ್ರಿ ಸರ್. ಇದನ್ನ ನೀವೇ ಏರಸ್ರಿ."

ಮಾಸ್ತರು ಟೀಚರ ಮುಖ ನೋಡಿದರು. ಟೀಚರು ಕಿಟಕಿಯಾಚೆ ಬೇವಿನ ಮರ ನೋಡುತ್ತಿದ್ದರು. ಅಜಯಕುಮಾರ ಕೆಮ್ಮಿದ. ಬೇರೆ ದಾರಿ ಕಾಣದೆ ಮಾಸ್ತರು ಕೂತರು. ಒಂದೇ ಬೆರಳು, ಅದೂ ಹೆದರಿದ ಬೆರಳು. ಒಂದು ಅಕ್ಷರ ಸಿಕ್ಕರೆ ಇನ್ನೊಂದು ಸಿಗದು. ಮಕ್ಕಳೆಲ್ಲ ಅವರ ಬೆನ್ನ ಹಿಂದೆ ಸೇರಿದರು. ಒಬ್ಬ ಅಕ್ಷರ ಎಲ್ಲಿದೆ ಎಂದು ತೋರಿಸಿದ, ಒಬ್ಬಳು ಒತ್ತು ಕೊಡುವುದು ಹೇಗೆಂದು ಹೇಳಿಕೊಟ್ಟಳು. ಮಾಸ್ತರು ಸಿಟ್ಟಿನಲ್ಲಿ ಜಜ್ಜತೊಡಗಿದಾಗ, "ಮೆಲ್ಲಕ್ಕ ಒತ್ರಿ ಸರ್, ಅದು ನಿಮ್ಮ ಟೇಬಲ್ ಮ್ಯಾಲಿನ ಗಂಟಿ ಅಲ್ಲ" ಎಂದ ಭಗವಂತ. ಮಾಸ್ತರ ಕಿವಿ ಕೆಂಪಾದವು. ಮರುಗಳಿಗೆಯಲ್ಲಿ ಅವರೇ ನಕ್ಕರು. ಹೆಸರು ಪೂರಾ ಆದಾಗ ಅವರ ಹಣೆಯಲ್ಲಿ ಬೆವರಿನ ಹನಿ. ಈಗ ಹುಡುಕಿರಿ ಎಂದಳು ರಾಧಿಕಾ. ಹುಡುಕಿದರು. ಪುಸ್ತಕ, ಅಲಮಾರಿ, ಅರೆ, ಎಲ್ಲ ಒಂದೇ ಸಾಲಿನಲ್ಲಿ ಬಂದು ನಿಂತಿತು. ನಾನು ಏರಿಸಿದ್ದೇ ಬಂತೇನು ಎಂದು ಅವರು ಎರಡು ಸಲ ಕೇಳಿದರು. ಜಾತ್ರೆಯಲ್ಲಿ ಪೀಪಿ ಕೊಡಿಸಿಕೊಂಡ ಕೂಸಿನ ಮುಖ ಹೇಗಿರುತ್ತದೆ, ಹಾಗಿತ್ತು.

ಆ ಪುಸ್ತಕವನ್ನು ತಮ್ಮ ಹೆಸರಿಗೆ ಬರೆಸಿಕೊಂಡು ಬಗಲಲ್ಲಿಟ್ಟುಕೊಂಡರು. ಜೇಬಿನಿಂದ ಕೀಲಿಕೈ ತೆಗೆದು ರಾಧಿಕಾಳ ಮುಂದೆ ಮೇಜಿನ ಮೇಲಿಟ್ಟರು. ಅಷ್ಟೇ, ಭಾಷಣ ಮಾಡಲಿಲ್ಲ.

ಮಕ್ಕಳು ಹೊರಗೆ ಓಡಿದ ಮೇಲೆ ಅಜಯಕುಮಾರ ಟೀಚರ ಎದುರು ಕೂತ. ಉಳಿದ ಅಲಮಾರಿಗಳನ್ನೆಲ್ಲ ಕಣ್ಣಳತೆಯಲ್ಲೇ ನೋಡಿದ್ದ. ನಮ್ಮ ಆಫೀಸಿನಲ್ಲಿ ಟೈಪ್ ಮಾಡುವವರಿದ್ದಾರೆ, ಇಬ್ಬರನ್ನು ಕಳಿಸುತ್ತೇನೆ, ವಾರದೊಳಗೆ ಪೂರ್ತಿ ಪಟ್ಟಿ ಮುಗಿಯುತ್ತದೆ, ನೀವು ರಿಟೈರ್ ಆಗುವಾಗ ನಿಮ್ಮ ಕೆಲಸ ಪೂರಾ ಆದದ್ದನ್ನು ಕಣ್ಣಾರೆ ನೋಡಿ ಹೋಗಬಹುದು ಎಂದ. ಮನಸ್ಸಿನಿಂದ ಬಂದ ಮಾತು, ಕಣ್ಣು ತೇವವಾಗಿತ್ತು. ಗುರುಲಿಂಗಪ್ಪನವರು ಒಪ್ಪಿಕೊಳ್ಳಿ ಎಂದು ಟೀಚರಿಗೆ ಸನ್ನೆ ಮಾಡಿದರು. ಖರೆ ಹೇಳಬೇಕೆಂದರೆ ನನಗೂ ಹಾಗೆಯೇ ಅನ್ನಿಸಿತು. ಟೀಚರು ಪಟ್ಟಿಗೆ ಏರದೆ ಉಳಿದ ಅಲಮಾರಿಗಳ ಕಡೆ ಒಮ್ಮೆ ನೋಡಿದರು. ಅವರಿಗೂ ಆಸೆ ಇರಲಿಲ್ಲ ಎಂದು ನಾನು ಹೇಳಲಾರೆ.

"ಅಜಯಾ, ನೀ ಕೇಳಿದ್ದೇ ನನಗ ಭಾಳ ಆಯ್ತಪ್ಪ. ಆದ್ರ ಬ್ಯಾಡ. ನಿಮ್ಮ ಮಂದಿ ವಾರದಾಗ ಮುಗಸ್ತಾರ, ಮುಗಸಿ ಹೋಗ್ತಾರ. ಆಮ್ಯಾಲ ಇಲ್ಲಿ ಒಂದು ಸಾಲು ಅಳಿಸಿ ಹೋದ್ರೂ ಈ ಪಾರ್ಗೋಳು ನಿಮ್ಮ ಗೇಟಿನ ಮುಂದ ಬಂದು ಕೈ ಕಟಗೊಂಡು ನಿಂದ್ರಬೇಕು. ನಾ ಇರೋತನಕ ಇದು ಮುಗೀಲಿಕ್ಕಿಲ್ಲ, ನನಗ ಗೊತ್ತದ. ಅರ್ಧಾ ಬಿಟ್ಟೇ ಹೋಗ್ತೀನಿ. ಉಳದದ್ದು ರಾಧಿಕಾ ಮಾಡ್ತಾಳ, ಅಕಿ ಪಾಸಾಗಿ ಹೋದ್ರ ಅಕಿ ಕಲಿಸಿದ ಪೋರಿ ಮಾಡ್ತಾಳ. ನಿನಗ ಕಳಸಬೇಕು ಅನಸಿದ್ರ ಪುಸ್ತಕ ಕಳಸು, ಅವನ್ನೂ ಈ ಪಾರ್ಗೋಳೇ ಏರಸ್ತಾವ. ಮಂದಿ ಮಾತ್ರ ಕಳಸಬ್ಯಾಡ."